ಬಿಸಿಲು ಕಂಡ ಕಡಗೋಲು

ನಮ್ಮ ಮುಗದ ಊರಿನ ಓಣಿಯಲ್ಲಿ ಮಜ್ಜಿಗೆಯನ್ನು ಯಾರೂ ಮಾರುವುದಿಲ್ಲ. ರೇಣವ್ವನ ಮನೆಯಲ್ಲಿ ಕಡಗೋಲಿನ ಸಪ್ಪಳ ಕೇಳಿದರೆ ಸಾಕು, ಮನೆಮನೆಯಿಂದ ತಂಬಿಗೆಗಳು ಬರುತ್ತವೆ. ಪಕ್ಕದ ಮನೆಯ ನೂರಜಹಾನಳ ತಂಬಿಗೆ ಎಂದೂ ಬರಿದಾಗಿ ಬಂದದ್ದಿಲ್ಲ, ತಳದಲ್ಲಿ ಒಂದು ಹಿಡಿ ಶೇಂಗಾ ಇದ್ದೇ ಇರುತ್ತದೆ.

ಆ ತಂಬಿಗೆ ಬರುವುದು ನಿಂತುಹೋಯಿತು.

"ಏನವಾ ನೂರಜಹಾನ, ನಮ್ಮ ಮ್ಯಾಲ ಸಿಟ್ಟೇನು?" ರೇಣವ್ವ ತನ್ನ ಬಾಗಿಲ ಮುಂದೆ ಹಾದು ಹೋಗುತ್ತಿದ್ದವಳನ್ನು ತಡೆದಳು.

"ಸಿಟ್ಟ್ಯಾಕಕ್ಕಾ? ಮೊಮ್ಮಗಳು ನಿಶಾತಗ ಭೇದಿ ಹತ್ತೇತಿ. ಓಆರೆಸ್ ಕುಡಿಸಾಕತ್ತೇವಿ. ಓಣ್ಯಾಗ ಮತ್ತ ಹುಡುಗೂರಿಗೂ ಹಂಗ ಆಗೇತಿ. ಎಲ್ಲಾರೂ ನಿಮ್ಮ ಮಜ್ಜಿಗಿ ಕುಡದವರ."

ರೇಣವ್ವ ಒಳಗೆ ಹೋಗಿ ಗೂಟದ ಮೇಲಿನ ಕಡಗೋಲನ್ನು ನೋಡಿದಳು. ಅತ್ತೆಯ ಅತ್ತೆಯಿಂದ ನಡೆದು ಬಂದ ಹಂಚಿಕೆ ತನ್ನ ಕೈಯಲ್ಲೇ ಮುಗಿಯುವುದೇ?

ಮಧ್ಯಾಹ್ನ ನೂರಜಹಾನಳ ಸೊಸೆ ನಾಹಿದಾ ಬಂದಳು. ಅವಳು ನಮ್ಮೂರ ಆಶಾ ಕಾರ್ಯಕರ್ತೆ.

"ದೊಡ್ಡವ್ವಾರ, ಕಡಗೋಲ ಬಿಸಲಿಗೆ ಇಡತೀರಿಲ್ಲೋ?"

"ಇಲ್ಲ ಬಿಡವಾ! ಕಡಗೋಲ ಒಣಗಿದರ ಹೈನ ಬತ್ತತೈತಿ. ತಣ್ಣೀರಾಗ ಅದ್ದಿ ಗೂಟಕ್ಕ ಹಾಕತೇನಿ."

"ಹಸಿ ಮರದ ಸಂದ್ಯಾಗ ಹಾಲಿನ ಜಿಡ್ಡು ಉಳದರ ರೋಗ ಬೆಳಿತೈತ್ರಿ. ಕುದಿಯೋ ನೀರ ಹಾಕೋಣು. ಎಮ್ಮಿ ಹಾಲ ಕೊಡೂದ ಬಿಟ್ಟರ ಅದರ ಬದಲಿ ನನ್ನನ್ನ ಮೇವಿನ ಗ್ವಾದಲ್ಯಾಗ ಕಟ್ಟರಿ!"

ಸುತ್ತ ನೆರೆದಿದ್ದ ಓಣಿಯ ಹೆಂಗಸರೆಲ್ಲ ನಕ್ಕೆವು. ನೀರು ಸುರಿದಾಗ ಮಾತ್ರ ನಗು ನಿಂತಿತು. ಸಂದುಗಳಿಂದ ಕಪ್ಪು ಲೋಳೆ ಇಳಿಯಿತು. ನಾಹಿದಾ ತೆಂಗಿನ ನಾರಿನಿಂದ ಉಜ್ಜಿದಳು, ಮತ್ತೆ ಕುದಿನೀರು ಹಾಕಿದಳು. ಬಿಸಿಲಿಗಿಟ್ಟಾಗ ನಾವು ಬೆರಗಾಗಿ ನಿಂತೆವು. ಕಪ್ಪೆಂದುಕೊಂಡಿದ್ದ ಮರ ಜೇನಿನ ಬಣ್ಣದ್ದು! ನಡುವೆ ಹಗ್ಗ ತಿರುಗಿ ತಿರುಗಿ ಬಿದ್ದ ನುಣ್ಣನೆಯ ಗೆರೆಗಳು.

ರೇಣವ್ವ ಬೆರಳಾಡಿಸಿದಳು. "ನಮ್ಮತ್ತಿ ಕಡದದ್ದು, ಅವರತ್ತಿ ಕಡದದ್ದು, ಎಲ್ಲಾ ಇಲ್ಲೇ ಬರದಂಗ ಐತಲ್ಲವಾ..."

"ಹಾಲನ್ನ ಉಕ್ಕೂತನಾ ಕಾಸ್ರಿ. ಕಡಿಯುವಾಗ ಹಾಕೋ ನೀರೂ ಕುದಿಸಿ ಆರಿಸಿದ್ದ ಇರಲಿ. ಹಳೇ ಹೆಪ್ಪ ಚೆಲ್ಲಿ, ಹೊಸಾದು ಹಾಕ್ರಿ," ಎಂದಳು ನಾಹಿದಾ.

ರೇಣವ್ವ ಹಾಗೆಯೇ ಮಾಡಿದಳು. ನಾಲ್ಕು ದಿನದ ಮೇಲೆ ಒಣಗಿದ ಕಡಗೋಲಿನಿಂದ ಅಳುಕುತ್ತಲೇ ಕಡೆದಳು. ಬೆಣ್ಣೆ ಎಂದಿನಂತೆಯೇ ತೇಲಿ ಬಂತು. ನಾವು ಅದನ್ನು ಮೊದಲ ಸಲ ಕಂಡವರಂತೆ ನೋಡಿದೆವು.

"ನಾಹಿದಾ, ಗ್ವಾದಲಿ ತಪ್ಪಿತು ನೋಡು ನಿನಗ!" ಎಂದಳು ರೇಣವ್ವ.

ಅಷ್ಟರಲ್ಲಿ ನೂರಜಹಾನ ಬಂದಳು. ಗುಣವಾದ ನಿಶಾತ ಅಜ್ಜಿಯ ಸೆರಗು ಹಿಡಿದಿದ್ದಳು. ತಂಬಿಗೆಯಲ್ಲಿ ಶೇಂಗಾ ಇತ್ತು.

ಅಕ್ಕತಂಗಿಯರೇ, ನಿಮ್ಮ ಮನೆಯ ಕಡಗೋಲನ್ನೂ ಗೂಟದಿಂದ ಇಳಿಸಿರಿ. ಕುದಿಯುವ ನೀರು ಹಾಕಿ ಸಂದು ಉಜ್ಜಿರಿ, ಪೂರ್ತಿ ಒಣಗುವವರೆಗೆ ಬಿಸಿಲಿಗಿಡಿರಿ. ಹಿರಿಯರು ಕೊಟ್ಟ ಮರವನ್ನು ಎಸೆಯಬೇಡಿರಿ, ಹಂಚುವುದನ್ನು ನಿಲ್ಲಿಸಬೇಡಿರಿ. ನಿಮ್ಮ ಬಾಗಿಲಿಗೆ ಬರುವ ತಂಬಿಗೆಯ ಹಿಂದೆ ಒಂದು ಮಗು ಕಾಯುತ್ತಿರುತ್ತದೆ.