ಬಾಗಿಲು ತೆರೆದ ನ್ಯಾಯಮೂರ್ತಿ

ಮಾವ ದೇಶದ ಅತ್ಯುನ್ನತ ನ್ಯಾಯಾಲಯದ ಅತಿ ಹಿರಿಯ ನ್ಯಾಯಮೂರ್ತಿ. ಬೇರೆ ದೇಶಗಳಂತಲ್ಲ, ನಮ್ಮಲ್ಲಿ ಆ ಹುದ್ದೆಗೆ ನಿವೃತ್ತಿ ವಯಸ್ಸಿಲ್ಲ. ತಾನಾಗಿ ಬಿಡಬೇಕು, ಇಲ್ಲವೇ ಸಾಯಬೇಕು. ಮಾವನೂ ಪೀಠದಲ್ಲಿ ಅವರ ಪಕ್ಕದ ಕುರ್ಚಿಯ ಗೆಳೆಯರೊಬ್ಬರೂ ಮೂರು ದಶಕಗಳಿಂದ ಎರಡನ್ನೂ ಮಾಡಿರಲಿಲ್ಲ. ಹಳೆಯ ಕಾನೂನಿನ ಒಂದಕ್ಷರವೂ ಕದಲಲು ಬಿಡದ ಇಬ್ಬರಿಗೂ ವಕೀಲರು ಜೋಡಿ ಬೀಗ ಎಂದು ಹೆಸರಿಟ್ಟಿದ್ದರು.

ಗಂಡ ತೀರಿಕೊಂಡ ಮೇಲೂ ನಾನು ಈ ಮನೆಯಲ್ಲೇ ಉಳಿದೆ. ಮಾವನಿಗೆ ಮಗ, ನನಗೆ ಗಂಡ. ಆ ಬಗ್ಗೆ ನಾವು ಮಾತಾಡುವುದಿಲ್ಲ. ಬೆಳಿಗ್ಗೆ ಅವರಿಗೆ ಪತ್ರಿಕೆ ಓದಿ ಹೇಳುತ್ತೇನೆ.

ಆ ಶನಿವಾರ ಮಧ್ಯಾಹ್ನ ಆ ಗೆಳೆಯರು ಮನೆಗೆ ಬಂದಾಗ ಮಾವ ಮಲಗಿದ್ದರು. ನಾನು ಅಡುಗೆಮನೆಯಲ್ಲಿ ಲೋಟ ಒರೆಸುತ್ತಿದ್ದೆ. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತರು.

"ನಿನ್ನೆ ನಿಮ್ಮ ಮಾವ ಬಾಗಿಲು ತೆಗೆದುಬಿಟ್ಟ ಕಣಮ್ಮ."

ತೀರ್ಪು ಚರ್ಚಿಸಲು ನ್ಯಾಯಮೂರ್ತಿಗಳು ಸೇರುವ ಕೋಣೆಗೆ ಬೇರೆ ಯಾರೂ ಹೋಗುವಂತಿಲ್ಲ, ಜವಾನನೂ. ಹೊರಗಿನಿಂದ ಯಾರಾದರೂ ತಟ್ಟಿದರೆ ಎಲ್ಲರಿಗಿಂತ ಕಿರಿಯ ನ್ಯಾಯಮೂರ್ತಿ ಎದ್ದು ತೆಗೆಯಬೇಕು. ಸೇರಿದ ಹೊಸದರಲ್ಲಿ ಮಾವ ಆ ಕೆಲಸವನ್ನು ವರ್ಷಗಟ್ಟಲೆ ಮಾಡಿದ್ದರು.

"ಹೊಸಬಳು ಏಳೋಕೆ ಮುಂಚೆ ಇವನೇ ಓಡಿದ. ತೆಗೆದು, ತಿರುಗಿ, ಎಂದೋ ಸತ್ತ ಮುಖ್ಯ ನ್ಯಾಯಮೂರ್ತಿ ಹೆಸರು ಹಿಡಿದು, 'ಫೈಲು ಬಂದಿದೆ ಸರ್' ಅಂದ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ತಮಾಷೆ ಅನ್ನಿಸಲಿ ಅಂತ."

"ಮನೆಯಲ್ಲೂ ಹೀಗೇ ಮರೀತಿದ್ದಾರೆ," ಎಂದೆ.

"ಚುನಾವಣೆವರೆಗೆ ಹೇಗಾದರೂ ತಳ್ಳಬೇಕಮ್ಮ. ಈಗ ಇವನು ಬಿಟ್ಟರೆ ಈ ಸರ್ಕಾರ ಆ ಕುರ್ಚಿಗೆ ತನ್ನವರನ್ನ ತಂದು ಕೂರಿಸತ್ತೆ. ನಾವು ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ನೀನು ಕಾನೂನು ಓದಿದವಳು. ಕಡತ ಓದು, ಏನು ಹೇಳಬೇಕು ಅಂತ ಅವನಿಗೆ ಹೇಳಿಕೊಡು. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಆಗ ತೀರ್ಪು ಯಾರದಾಗತ್ತೆ?"

"ಅದನ್ನೇ ನಾನೂ ಕೇಳೋಣ ಅಂತಿದ್ದೆ." ಮಾವ ಹೊಸ್ತಿಲಲ್ಲಿ ನಿಂತಿದ್ದರು.

"ಎದ್ದುಬಿಟ್ಯಾ?"

"ನೀನು ಪಿಸುಗುಟ್ಟಿದರೆ ಪಕ್ಕದ ಬೀದಿಗೆ ಕೇಳತ್ತೆ." ಮಾವ ಕುರ್ಚಿ ಎಳೆದು ಕೂತರು. "ಎಲ್ಲರೂ ಯಾಕೆ ನಕ್ಕರು ಅಂತ ನಿನ್ನೆಯಿಂದ ಯೋಚಿಸ್ತಿದ್ದೆ."

ಗೆಳೆಯರು ತಲೆ ತಗ್ಗಿಸಿದರು. "ಕೆಲವೇ ತಿಂಗಳು ಕಣಯ್ಯ. ಹಲ್ಲು ಕಚ್ಚಿಕೊಂಡಿರು."

"ಪರಿಣಾಮ ನೋಡಬೇಡಿ, ಕಾನೂನಲ್ಲಿ ಬರೆದಿರೋದನ್ನ ಓದಿ ಅಂತ ಊರಿಗೆಲ್ಲ ಬುದ್ಧಿ ಹೇಳಿದ್ವಿ. ನಾವು ತೊಗೊಂಡ ಪ್ರಮಾಣವಚನದಲ್ಲಿ ಏನಿದೆ? ವಿವೇಚನೆ ಇರೋವರೆಗೆ ಈ ಹುದ್ದೆಯಲ್ಲಿರ್ತೀನಿ ಅಂತಿದೆ. ಚುನಾವಣೆವರೆಗೆ ಅಂತಿಲ್ಲ."

"ಅದು ಬರೀ ಮಾತು."

"ಬರೀ ಮಾತಾ!" ಮಾವ ನಕ್ಕರು. "ಬೇರೆ ಯಾರಾದರೂ ಹೀಗಂದಿದ್ದರೆ ನೀನು ನಲವತ್ತು ಪುಟ ಬರೆದು ಜಾಡಿಸ್ತಿದ್ದೆ."

"ನನ್ನ ಪಕ್ಕ ಯಾರು ಕೂರ್ತಾರೋ," ಎಂದರು ಗೆಳೆಯರು.

"ಯಾರು ಕೂತರೂ ಅವರ ಮಾತು ಪೂರ್ತಿ ಕೇಳು. ನಿನಗೆ ಮಧ್ಯೆ ಬಾಯಿ ಹಾಕೋ ಚಟ." ಮಾವ ನನ್ನ ಕಡೆ ತಿರುಗಿದರು. "ಸೋಮವಾರ ಮುಖ್ಯ ನ್ಯಾಯಮೂರ್ತಿಗಳ ಹತ್ತಿರ ನಾನೇ ಹೋಗಿ ಹೇಳ್ತೀನಿ. ಅಷ್ಟರಲ್ಲಿ ಮರೆತರೆ ನೀನು ನೆನಪಿಸಬೇಕು."

"ಸರಿ ಮಾವ."

ಸೋಮವಾರ ಬೆಳಿಗ್ಗೆ ಅವರು ಕೋಟು ತೊಟ್ಟು ಕಾರಿನ ಪಕ್ಕ ನಿಂತಿದ್ದರು. "ಇವತ್ತು ಮೊದಲನೇ ಪ್ರಕರಣ ಯಾವುದು?"

ನಾನು ಸುಮ್ಮನಿದ್ದಿದ್ದರೆ ಅವರು ಹೋಗಿ ಪೀಠದ ಮೇಲೆ ಕೂರುತ್ತಿದ್ದರು.

"ಪ್ರಕರಣ ಇಲ್ಲ ಮಾವ. ನೀವು ಕೆಲಸ ಬಿಡ್ತೀನಿ ಅಂತ ಹೇಳೋಕೆ ಹೋಗ್ತಿದೀರಿ."

"ಯಾರು ಹಾಗೆ ತೀರ್ಮಾನ ಮಾಡಿದ್ದು?"

"ನೀವೇ."

ಅವರು ನನ್ನನ್ನೇ ನೋಡಿದರು. "ಕಾರಣ ಕೊಟ್ಟಿದ್ನಾ?"

"ಕೊಟ್ಟಿದ್ರಿ."

"ಸರಿಯಾಗಿತ್ತಾ?"

"ಸರಿಯಾಗಿತ್ತು."

"ಹಾಗಾದರೆ ನೀನೂ ಬಾ," ಎಂದು ಕಾರು ಹತ್ತಿದರು.