ಪಾದಕ್ಕೆ ಕೇಳುತ್ತಿದ್ದ ಎಂಜಿನ್ನು

ಆ ಮನೆಯಲ್ಲಿ ಬ್ಯಾಟರಿ ಬಸ್ಸಿನ ಮಾತು ಬಂತೆಂದರೆ ಲೋಟದಲ್ಲಿದ್ದ ಚಹಾ ಆರಿಹೋಗುವುದು ಖಾತ್ರಿ. ಆವತ್ತು ರಜೆಯ ದಿನ ಬೇರೆ. ಅಣ್ಣತಮ್ಮಂದಿರು ಬೆಳಿಗ್ಗೆಯೇ ಶುರುವಿಟ್ಟುಕೊಂಡಿದ್ದರು. ಅಣ್ಣ ಸಿಟಿ ಬಸ್ಸಿನ ಡ್ರೈವರು. ತಮ್ಮ ವೈರಿಂಗ್ ಕೆಲಸದವನು. ಅಣ್ಣನ ಡಿಪೋದಲ್ಲೇ ಚಾರ್ಜಿಂಗ್ ಕಂಬ ನಿಲ್ಲಿಸುವ ಕೆಲಸ ಸಿಕ್ಕಿದ ಮೇಲೆ ಅವನಿಗೆ ಮನೆಯಲ್ಲಿ ‘ಕರೆಂಟು’ ಎಂದೇ ಹೆಸರು ಬಿದ್ದಿತ್ತು.

“ಅದೊಂದು ಬಸ್ಸಿನ ದುಡ್ಡಲ್ಲಿ ಎರಡು ಡೀಸೆಲ್ ಬಸ್ ಬರುತ್ತೆ ಕಣೋ,” ಎಂದ ಅಣ್ಣ. “ಮೇಲೆ ಎಂಟು ವರ್ಷಕ್ಕೆ ಬ್ಯಾಟರಿ ಸತ್ತು ಬೀಳುತ್ತೆ. ಆಗ ಯಾರಪ್ಪ ಕೊಡ್ತಾನೆ? ನೀನು ಕೊಡ್ತೀಯಾ?”

“ನಾನ್ಯಾಕೆ ಕೊಡ್ಲಿ? ದಿನಾ ಡೀಸೆಲ್ಲಿಗೆ ಸುರೀತಿರೋದನ್ನ ಮೊದ್ಲು ಲೆಕ್ಕ ಹಾಕು. ಆಯಿಲ್ಲು, ಫಿಲ್ಟರು, ಕ್ಲಚ್ಚು, ಇವೆಲ್ಲ ಬಿಟ್ಟಿ ಬರುತ್ತಾ?”

“ಗ್ಯಾರೇಜಲ್ಲಿ ಅಷ್ಟು ಜನ ಅದೇ ಕ್ಲಚ್ಚು ಬಿಚ್ಚಿ ಊಟ ಮಾಡ್ತಿದಾರೆ. ಅವರನ್ನೆಲ್ಲ ಯಾವ ಕಂಬಕ್ಕೆ ಚಾರ್ಜಿಗೆ ಹಾಕ್ತೀಯ?”

ಹತ್ತನೇ ಕ್ಲಾಸಿನ ಪುಸ್ತಕ ಹಿಡಿದುಕೊಂಡು ಮೂಲೆಯಲ್ಲಿ ಕೂತಿದ್ದ ಅಣ್ಣನ ಮಗಳು ಕಿಸಕ್ಕನೆ ನಕ್ಕಳು. ಕರೆಂಟು ಅವಳತ್ತ ಕಣ್ಣು ಬಿಟ್ಟು, ಬಟಾಣಿ ಸುಲಿಯುತ್ತಿದ್ದ ಅತ್ತಿಗೆಯ ಕಡೆ ತಿರುಗಿದ.

“ನೀವೇ ಹೇಳಿ ಅತ್ತಿಗೆ. ನಿಮ್ಮ ಹೊಲಿಗೆ ಮಿಷನ್ನಿಗೆ ಮೋಟಾರ್ ಕೂರಿಸಿದಾಗ್ಲೂ ಇವನು ಹೀಗೇ ಎಗರಾಡಿದ್ದ. ಬಿಲ್ಲು ನೋಡಿ ಎದೆ ಒಡ್ಕೋತೀರ ಅಂತ. ಏನಾಯ್ತು ಆಮೇಲೆ?”

ಅವಳು ಮುಖ ಎತ್ತಿ, ಗಂಡನಿಗೆ ನೇರವಾಗಿ ಕಾಣುವಂತೆ ತಿರುಗಿ ಹೇಳಿದಳು. “ಮೊದಲನೇ ವಾರ ಬಟ್ಟೆ ಬಿಟ್ಟು ಬೆರಳಿಗೇ ಹೊಲಿಗೆ ಹಾಕ್ಕೊಂಡೆ. ಆಮೇಲೆ ಸರಿಹೋಯ್ತು. ಆದ್ರೂ ಕಾಲು ಈಗ್ಲೂ ಸುಮ್ನೆ ಕೂರಲ್ಲ, ತುಳೀತಾನೇ ಇರುತ್ತೆ.”

“ನೋಡಿದ್ಯಾ! ಬೆರಳು!” ಎಂದ ಗಂಡ, ಕೇಸು ಗೆದ್ದವನ ಹಾಗೆ.

“ಬಸ್ಸಲ್ಲಿ ಸೂಜಿ ಇಲ್ಲ ಮಾರಾಯ. ಅಷ್ಟೇ ಅಲ್ಲ, ಇದು ಬುದ್ಧಿವಂತ ಗಾಡಿ. ನೀನು ಬ್ರೇಕ್ ಹಾಕೋದು ಮರೆತು ಸೀಟಿಂದ ಎದ್ದೆ ಅನ್ಕೋ, ಅದೇ ಕೂಗಿ ಹೇಳುತ್ತೆ.”

ಬಟಾಣಿಯ ಸಿಪ್ಪೆಯೊಳಗೆ ಅವಳ ಹೆಬ್ಬೆರಳು ನಿಂತಿತು. “ಹೆಂಗೆ ಕೂಗುತ್ತೆ?”

“ಪೀಂ ಪೀಂ ಅಂತ, ಸಣ್ಣಗೆ. ನಿಮ್ಮ ಓವನ್ ಕೂಗಲ್ವಾ, ಹಂಗೆ.”

ಅವಳು ಸುಲಿದ ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿದಳು.

ಗಂಡನಿಗೆ ಆ ಓವನ್ನಿನ ಕೂಗು ಕೇಳಿಸದೆ ಎಷ್ಟೋ ಕಾಲವಾಗಿತ್ತು. ಇದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ ಇಬ್ಬರೂ ಅದರ ಸುತ್ತ ಬಳಸಿಕೊಂಡು ಓಡಾಡುತ್ತಿದ್ದರು, ಕೋಣೆಯ ನಡುವೆ ಮಲಗಿದ ಮಗುವನ್ನು ದಾಟುವವರಂತೆ. ಮೊದಲು ಹೋದದ್ದು ಸಣ್ಣ ಸಣ್ಣ ಸದ್ದುಗಳು. ಬಾಗಿಲ ಗಂಟೆ, ಫೋನು, ನಲ್ಲಿಯ ತೊಟ್ಟು. ಆಮೇಲೆ ಮಗಳ ಎಳೆಯ ದನಿ. ವರ್ಷಗಟ್ಟಲೆ ಮಗ್ಗುಲಲ್ಲೇ ಗುಡುಗಿದ ಎಂಜಿನ್ನು ಅವನ ಕಿವಿಯನ್ನು ತಿಂದುಹಾಕಿತ್ತು. ತುಟಿ ನೋಡಿ ಮಾತು ಹಿಡಿಯುವುದನ್ನು ಅವನು ಯಾರೂ ಹೇಳಿಕೊಡದೆ ಕಲಿತ. ವರ್ಷಕ್ಕೊಮ್ಮೆ ಡಿಪೋಗೆ ಬರುವ ಡಾಕ್ಟರು ಕಣ್ಣನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಮೇಜಿನ ಆಚೆಯಿಂದಲೇ “ಕಿವಿ ಸರಿ ಇದೆಯಾ?” ಎಂದು ಕೇಳುವರು. ಅವನು ಅವರ ತುಟಿ ನೋಡಿಕೊಂಡು “ಸರಿ ಇದೆ ಸಾರ್” ಎನ್ನುವನು. ಅಲ್ಲಿಗೆ ಆಯಿತು.

ಅವಳೂ ತನ್ನನ್ನು ಸಮಾಧಾನ ಮಾಡಿಕೊಂಡಿದ್ದಳು. ಇಷ್ಟು ವರ್ಷದಲ್ಲಿ ಒಂದು ಸೈಕಲ್ಲಿಗೂ ಅವನ ಬಸ್ಸು ತಾಗಿದ್ದಿಲ್ಲ. ಬೇರೆಯವರು ಒಂದು ಸಲ ಕನ್ನಡಿ ನೋಡಿದರೆ ಅವನು ನಾಲ್ಕು ಸಲ ನೋಡುವನು. ಎಂಜಿನ್ನಂತೂ ಅವನ ಅಂಗಾಲಿನಲ್ಲೇ ಇತ್ತು. “ಅದು ಕೆಮ್ಮೋ ಮುಂಚೆ ನನ್ನ ಹಿಮ್ಮಡಿಗೆ ಗೊತ್ತಾಗುತ್ತೆ,” ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಗೇರು ಹಾಕುವುದು, ವೇಗ ಇಳಿಸುವುದು, ಎಲ್ಲವೂ ಆ ನಡುಕದ ಲೆಕ್ಕದಲ್ಲಿ. ನಡುಕ ನಿಂತಿತೆಂದರೆ ಗಾಡಿ ನಿಂತಿತು, ಕೆಲಸ ಮುಗಿಯಿತು, ಇಳಿಯಬಹುದು.

ಹೊಸ ಬಸ್ಸಿಗೆ ನಡುಕವೇ ಇರಲಿಲ್ಲ.

ತರಬೇತಿ ಶುರುವಾದ ಮೇಲೆ ಅವನು ಮನೆಗೆ ಬರುವ ರೀತಿಯೇ ಬೇರೆಯಾಯಿತು. ಶೂ ಬಿಚ್ಚಿ ಅಲ್ಲೇ ಕೂತುಬಿಡುವನು. ಏನಾಯಿತೆಂದು ಕೇಳಿದರೆ, “ಸತ್ತ ಗಾಡಿ. ಹೆಣದ ಮೇಲೆ ಕೂತಂಗಿರುತ್ತೆ,” ಎನ್ನುವನು. ಮತ್ತೆ ಬ್ಯಾಟರಿಯ ಬೆಲೆ, ಬೆಂಕಿಯ ಭಯ, ಕರೆಂಟು ಹೋದರೆ ಊರೇ ನಿಲ್ಲುತ್ತದೆ ಎಂಬ ವಾದ. ವಾದಗಳು ಸುಳ್ಳಾಗಿರಲಿಲ್ಲ. ಆದರೆ ಅವುಗಳಲ್ಲಿ ಯಾವುದೂ ಅವನ ಕಾರಣವಾಗಿರಲಿಲ್ಲ. ಒಂದು ಸಂಜೆ ಅವಳು ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಬಂದಾಗ ಅವನು ಫ್ರಿಜ್ಜಿನ ಮೈಗೆ ಅಂಗೈ ಒತ್ತಿ ಕಣ್ಣು ಮುಚ್ಚಿ ನಿಂತಿದ್ದ. ಸ್ವಲ್ಪ ಹೊತ್ತು ಬಿಟ್ಟು ಕೈ ತೆಗೆದು, ಮತ್ತೆ ಇಟ್ಟ. ಅದು ಓಡುತ್ತಿದೆಯೋ ನಿಂತಿದೆಯೋ ಎಂದು ಕೈಯಲ್ಲಿ ಹಿಡಿಯಲು ನೋಡುತ್ತಿದ್ದ. ಬಟ್ಟೆಯ ರಾಶಿಯನ್ನು ಎದೆಗೆ ಅವುಚಿಕೊಂಡು ಅವಳು ಬಂದ ಕಾಲಲ್ಲೇ ಹಿಂದಕ್ಕೆ ಹೋದಳು.

ಆಮೇಲೆ ಅವಳಿಗೆ ಮಿಷನ್ನಿನ ಮುಂದೆ ಕೂತರೂ ಮನಸ್ಸು ನಿಲ್ಲಲಿಲ್ಲ. ಶಾಲೆಯ ಅಂಗಿಗಳಿಗೆ ಕಾಲರು ಕೂರಿಸುವ ಕೆಲಸ; ಎರಡು ಅಂಗಿಗೆ ಕಾಲರು ತಿರುಗುಮುರುಗಾಯಿತು. ಬಿಚ್ಚುತ್ತಾ ಕೂತವಳಿಗೆ ಒಂದು ಯೋಚನೆ ಬಂತು. ಮಗಳು ಶಾಲೆಗೆ ಹೋಗುವುದೂ ಬಸ್ಸಿನಲ್ಲೇ. ಆ ಬಸ್ಸು ಓಡಿಸುವವನ ಹೆಂಡತಿಯೂ ಹೀಗೇ ಮನೆಯಲ್ಲಿ ಕೂತು ಏನನ್ನೋ ಬಚ್ಚಿಟ್ಟುಕೊಂಡಿದ್ದರೆ?

ಹೇಳಿಬಿಡಬೇಕು ಎಂದುಕೊಂಡಳು. ಅವನಿಗೆ ಹೇಳಬೇಕು, ಅವನಿಂದಲೇ ಹೇಳಿಸಬೇಕು. ಅನ್ನ ಬಡಿಸುವಾಗ ಬಾಯಿ ತೆರೆದಳು, ಅವನ ಸಪ್ಪೆ ಮುಖ ನೋಡಿ “ಇನ್ನೊಂಚೂರು ಹಾಕ್ಲಾ?” ಎಂದಳು. ಮಾರನೆಯ ದಿನವೂ ಅದೇ ಆಯಿತು. ಅಷ್ಟರಲ್ಲಿ ಡಿಪೋದವರು ಡ್ರೈವರುಗಳ ಮನೆಯವರನ್ನೆಲ್ಲ ಹೊಸ ಬಸ್ಸಿನಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುವ ದಿನ ಬಂದೇಬಿಟ್ಟಿತು.

ಬಸ್ಸು ಚೆನ್ನಾಗಿತ್ತು, ಇಲ್ಲವೆನ್ನುವ ಹಾಗಿಲ್ಲ. ತಿಳಿ ಹಸಿರು ಬಣ್ಣ, ತಗ್ಗಿನ ಮೆಟ್ಟಿಲು, ಹೊಸ ರಬ್ಬರಿನ ವಾಸನೆ. ತರಬೇತಿ ಕೊಡುವ ಹುಡುಗಿ ಬಾಗಿಲಲ್ಲಿ ನಿಂತು ಎಲ್ಲರನ್ನೂ ಹತ್ತಿಸಿಕೊಂಡಳು. ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. “ನಿಮ್ಮ ಯಜಮಾನ್ರು ನನ್ನ ಬ್ಯಾಚಲ್ಲೇ ಫಸ್ಟು ಅಕ್ಕಾ,” ಎಂದಳು. “ಸುಮ್ನೆ ಹೇಳ್ತಿಲ್ಲ, ಇಷ್ಟು ಮೆತ್ತಗೆ ಯಾರೂ ಓಡಿಸಲ್ಲ.”

ಬಸ್ಸು ಹೊರಟಿದ್ದೇ ಯಾರಿಗೂ ಗೊತ್ತಾಗಲಿಲ್ಲ. ಕಿಟಕಿಯಾಚೆಯ ಗೋಡೆ ಹಿಂದೆ ಸರಿದಾಗಲೇ ತಿಳಿದದ್ದು. ಎಂಜಿನ್ನಿನ ಗದ್ದಲದ ಮೇಲೆ ಕೂಗಿ ಮಾತಾಡಿ ಅಭ್ಯಾಸವಾದವರೆಲ್ಲ ಇದ್ದಕ್ಕಿದ್ದಂತೆ ದನಿ ತಗ್ಗಿಸಿದರು.

“ಏನಮ್ಮ ಇದು, ಆಸ್ಪತ್ರೇಲಿ ಕೂತಂಗಿದೆ,” ಎಂದಳು ಹಿಂದಿನ ಸೀಟಿನ ಮುದುಕಿ. “ಇದ್ರಲ್ಲಿ ಸೊಸೆ ಮೇಲೆ ಚಾಡಿ ಹೇಳೋದು ಕಷ್ಟ.”

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಮುಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತು, ಬಸ್ಸು ಓಡಿಸುತ್ತಿದ್ದ ಗಂಡನ ಪಾದವನ್ನೇ ನೋಡುತ್ತಿದ್ದಳು. ಪೆಡಲಿನ ಮೇಲೆ ಆ ಪಾದ ಏನನ್ನೋ ತಡಕಾಡುತ್ತಿತ್ತು, ಕತ್ತಲೆಯಲ್ಲಿ ಚಪ್ಪಲಿ ಹುಡುಕುವ ಹಾಗೆ. ಆದರೂ ದಾರಿಯುದ್ದಕ್ಕೂ ಒಂದು ತಪ್ಪಿಲ್ಲ. ತಿರುವಿನಲ್ಲಿ ನೀರು ತುಂಬಿದ ಲೋಟ ಇಟ್ಟಿದ್ದರೂ ಚೆಲ್ಲುತ್ತಿರಲಿಲ್ಲ. ಡಿಪೋದ ಗೇಟು ಕಂಡಾಗ ಅವಳು ಆ ಪಾದದಿಂದ ಕಣ್ಣು ತೆಗೆದಳು.

ಚಾರ್ಜಿಂಗ್ ಕಂಬದ ಎದುರು ನೆಲ ಸ್ವಲ್ಪ ಇಳಿಜಾರು. ಅಲ್ಲಿ ಬಸ್ಸು ನಿಂತಿತು, ಎಲ್ಲರೂ ಇಳಿದರು, ಚಪ್ಪಾಳೆ ಬಿತ್ತು. ಬಾಗಿಲು ಮುಚ್ಚಿ, ತನ್ನ ಪಕ್ಕದ ಪುಟ್ಟ ಬಾಗಿಲಿನಿಂದ ಗಂಡನೂ ಇಳಿದ. ಕೆಳಗೆ ಕಾದಿದ್ದ ಗೆಳೆಯರು ಅವನ ಬೆನ್ನು ತಟ್ಟಿದರು. ಬಹಳ ದಿನಗಳ ಮೇಲೆ ಅವನು ಬಾಯಿ ತುಂಬ ನಕ್ಕ. ಅವನ ಕಾಲ ಕೆಳಗೆ ಯಾವ ನಡುಕವೂ ಇರಲಿಲ್ಲ. ಆದ್ದರಿಂದ ಅವನ ಮೈಯ ಲೆಕ್ಕದಲ್ಲಿ ಗಾಡಿ ಆಗಲೇ ಆರಿತ್ತು; ಬ್ರೇಕಿನ ಕಡೆ ಕೈ ಹೋಗಿರಲಿಲ್ಲ.

ಚಪ್ಪಾಳೆ, ನಗುವಿನ ಗದ್ದಲದ ನಡುವೆ ಬಸ್ಸು ಪೀಂ, ಪೀಂ, ಪೀಂ ಎಂದು ಕೂಗುತ್ತಿತ್ತು.

ಎಲ್ಲರೂ ಅತ್ತ ತಿರುಗಿದರು. ಅವನೊಬ್ಬ ಬಸ್ಸಿಗೆ ಬೆನ್ನು ಹಾಕಿ ನಗುತ್ತಲೇ ಇದ್ದ. ಬಸ್ಸು ತೀರಾ ನಿಧಾನವಾಗಿ ಮುಂದಕ್ಕೆ ಉರುಳಿತು. ಮುಂದೆ, ಕಂಬದ ಬುಡದಲ್ಲಿ, ಕರೆಂಟು ಬಗ್ಗಿ ದಪ್ಪ ಕೇಬಲ್ಲಿನ ಸಿಕ್ಕು ಬಿಡಿಸುತ್ತಿದ್ದ. ಆ ಕೂಗು ಅವನಿಗೆ ದಿನದ ಪಾಡು, ತಲೆ ಎತ್ತಲಿಲ್ಲ.

“ಏ! ಪಕ್ಕಕ್ಕೆ! ಪಕ್ಕಕ್ಕೆ ಬೀಳೋ!” ಅವಳು ಕಿರುಚಿದಳು. ಮೈದುನನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಹಾರಿ ಬಿದ್ದ. ತರಬೇತಿಯ ಹುಡುಗಿ ಓಡಿ ಡ್ರೈವರಿನ ಬಾಗಿಲಿಗೆ ಜೋತುಬಿದ್ದು ಒಳಗೆ ಕೈ ಹಾಕಿ ಬ್ರೇಕು ಎಳೆದಳು. ಬಸ್ಸಿನ ಮೂತಿ ಕಂಬಕ್ಕೆ ಮುಟ್ಟಿ ನಿಂತಿತು. ಕೇಬಲ್ಲು ಗಾಲಿಯ ಕೆಳಗಿತ್ತು. ಕರೆಂಟಿನ ಒಂದು ಚಪ್ಪಲಿಯೂ ಅಲ್ಲೇ ಇತ್ತು.

ಕೂಗು ನಿಂತಿತು. ಗಂಡ ಆಗ ಎಲ್ಲರ ಮುಖ ನೋಡಿ ತಿರುಗಿದ.  ಓಡಿಹೋಗಿ ತಮ್ಮನನ್ನು ಎತ್ತಿ, ಅವನ ಕಾಲು, ಕೈ, ಭುಜ ಮುಟ್ಟಿ ಮುಟ್ಟಿ ನೋಡಿದ. “ಏನಿಲ್ಲ ಬಿಡಣ್ಣ, ಮಂಡಿ ತರಚಿದೆ ಅಷ್ಟೇ,” ಎಂದ ಕರೆಂಟು.

ಡಿಪೋದ ಮ್ಯಾನೇಜರು ಬಂದರು. “ಏನ್ರೀ ಇದು? ಅಲಾರಂ ಹೊಡ್ಕೋತಿದ್ರೂ ನಿಂತ್ಕೊಂಡು ನಗ್ತಿದ್ರಲ್ಲ!”

ಗಂಡ ಅವರ ತುಟಿ ನೋಡಿದ. ಹೆಂಡತಿಯ ಕಡೆ ನೋಡಲಿಲ್ಲ. “ಅಲಾರಂ ಸರಿಯಿಲ್ಲ ಸಾರ್. ಗಾಡೀನೇ ಸರಿಯಿಲ್ಲ. ನಾನು ಮೊದ್ಲಿಂದ ಹೇಳ್ತಿದೀನಿ.”

ಅಷ್ಟು ಸಾಕಾಯಿತು. ಬೆಂಕಿಗೆ ಎಣ್ಣೆ ಬಿದ್ದಂತೆ ಗೆಳೆಯರೆಲ್ಲ ಒಟ್ಟಿಗೆ ಬಾಯಿ ಬಿಟ್ಟರು. “ಇಷ್ಟು ದುಡ್ಡು ಸುರಿದು ತಂದಿದ್ದು ಇದಕ್ಕಾ? ಡೀಸೆಲ್ ಬಸ್ ಯಾವತ್ತಾದ್ರೂ ತಾನಾಗೇ ನಡೆದಿತ್ತಾ?” “ಈ ಮಗೂಗೆ ಏನು ಗೊತ್ತು ಅಂತ ಕಲಿಸೋಕೆ ಬಿಟ್ರಿ? ಬ್ರೇಕ್ ವಿಷಯ ಹೇಳಿಕೊಟ್ಟಿದ್ಯೇನಮ್ಮ?”

“ಹೇಳಿದೀನಿ,” ಎಂದಳು ಹುಡುಗಿ. “ದಿನಾ ಹೇಳಿದೀನಿ. ಇಲ್ಲಾಂದ್ರೆ ನಾನೇ… ಎಲ್ಲಾದ್ರೂ ಬಿಟ್ಟಿರಬಹುದಾ?” ತಾನೇ ತಪ್ಪು ಮಾಡಿದೆನೇನೋ ಎಂದು ನೆನಪಿಸಿಕೊಳ್ಳುವವಳಂತೆ ಅವಳು ಬೆರಳು ಮಡಿಸತೊಡಗಿದಳು. ಮ್ಯಾನೇಜರು ಅವಳ ಕಡೆ ತಿರುಗಿ ಹುಬ್ಬು ಗಂಟಿಕ್ಕಿದರು.

ಹೆಂಡತಿ ಎಲ್ಲವನ್ನೂ ಕಂಡಳು. ಸುಮ್ಮನಿದ್ದರೆ ಸಾಕು, ಅವಳು ಏನೂ ಮಾಡಬೇಕಾಗಿರಲಿಲ್ಲ. ಬಸ್ಸು ವಾಪಸು ಹೋದರೂ ಹೋಗಬಹುದು, ಹುಡುಗಿಯ ಕೆಲಸ ಹೋಗಬಹುದು, ಗಂಡನ ಕೆಲಸ ಉಳಿಯಬಹುದು. ನಾಳೆ ಬೆಳಿಗ್ಗೆ ಅವನು ಜನ ತುಂಬಿದ ಬಸ್ಸಿನ ಮುಂದೆ ಕೂರುತ್ತಾನೆ. ತರಚಿದ ಮಂಡಿ ಒರೆಸಿಕೊಳ್ಳುತ್ತಿದ್ದ ಮೈದುನನನ್ನು ನೋಡಿದಳು. ಮ್ಯಾನೇಜರ ಎದುರಿಗೆ ಬಂದು ನಿಂತಳು.

“ಅಲಾರಂ ಸರಿಯಾಗೇ ಇತ್ತು ಸಾರ್,” ಎಂದಳು. “ಇವರಿಗೆ ಕೇಳಿಸ್ಲಿಲ್ಲ. ಇವರಿಗೆ ಕೇಳ್ಸಲ್ಲ.”

ಗಂಡ ಅವಳನ್ನೇ ನೋಡುತ್ತಿದ್ದ. ಅವಳು ಬೇಕೆಂದೇ ಅವನಿಗೆ ಕಾಣುವ ಹಾಗೆ, ತುಟಿ ಬಿಡಿಸಿ, ಇನ್ನೊಮ್ಮೆ ಹೇಳಿದಳು. “ಆ ಹುಡುಗೀದು ಏನೂ ತಪ್ಪಿಲ್ಲ.”

ಅವನು ಇಲ್ಲವೆನ್ನಬಹುದಿತ್ತು. ಎನ್ನಲಿಲ್ಲ. ಜೇಬಿನಿಂದ ಬಸ್ಸು ಚಾಲೂ ಮಾಡುವ ಕಾರ್ಡು ತೆಗೆದು ಮ್ಯಾನೇಜರ ಕೈಗೆ ಕೊಟ್ಟ.

ಆಮೇಲೆ ಮ್ಯಾನೇಜರ ಕೋಣೆ, ಮುಚ್ಚಿದ ಬಾಗಿಲು. ಹೊರಗೆ ಬೆಂಚಿನ ಮೇಲೆ ಅವಳು, ಪಕ್ಕದಲ್ಲಿ ಮಗಳು. ಕರೆಂಟು ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಎಲ್ಲರಿಗೂ ನೀರು ತಂದುಕೊಟ್ಟ. “ಅತ್ತಿಗೆ, ನೀವು ನನ್ನ ‘ಏ’ ಅಂದ್ರಿ,” ಎಂದು ನಗಿಸಲು ನೋಡಿದ. ಯಾರಿಗೂ ನಗು ಬರಲಿಲ್ಲ, ಅವನಿಗೂ. ಬುಧವಾರ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ, ಅಲ್ಲಿಯವರೆಗೆ ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ, ಮುಂದಿನದು ಆಮೇಲೆ ಎಂದಾಯಿತು. ಮುಂದಿನದು ಎಂದರೆ ಏನು ಎಂದು ಯಾರೂ ಬಿಡಿಸಿ ಹೇಳಲಿಲ್ಲ.

ಮನೆಗೆ ನಡೆದೇ ಹೊರಟರು. ಮಗಳು ನಾಲ್ಕು ಹೆಜ್ಜೆ ಮುಂದೆ. ಅರ್ಧ ದಾರಿಯಲ್ಲಿ ಅವನು ಮುಚ್ಚಿದ ಅಂಗಡಿಯೊಂದರ ಮುಂದೆ ನಿಂತು ಅವಳ ಕಡೆ ತಿರುಗಿದ.

“ಎಷ್ಟು ದಿನದಿಂದ ಗೊತ್ತು ನಿಂಗೆ?”

“ಇವಳು ಆರನೇ ಕ್ಲಾಸಲ್ಲಿದ್ದಾಗಿಂದ.”

“ನಂಗೆ ಹೇಳ್ಬಾರದಿತ್ತಾ? ಎಲ್ಲರ ಮುಂದೆ ಹೇಳೋ ಬದಲು?”

“ಹೇಳ್ಬೇಕಿತ್ತು,” ಎಂದಳು. “ಭಯ ಆಯ್ತು.”

ಅವನು ರಸ್ತೆ ನೋಡಿದ. ಒಂದು ಹಳೆಯ ಡೀಸೆಲ್ ಬಸ್ಸು ಹೊಗೆ ಬಿಡುತ್ತ ಹೋಯಿತು. ಅದರಲ್ಲಿದ್ದ ಡ್ರೈವರು ಕೈ ಎತ್ತಿದ, ಇವನೂ ಎತ್ತಿದ.

“ಬುಧವಾರ ನೀನೂ ಬಾ,” ಎಂದ. “ಆಸ್ಪತ್ರೆಯವರು ಬಾಯಿಗೆ ಮಾಸ್ಕ್ ಹಾಕ್ಕೊಂಡಿರ್ತಾರೆ. ನಂಗೆ ಒಂದೂ ತಿಳಿಯಲ್ಲ.”

“ಬರ್ತೀನಿ,” ಎಂದಳು. ಹೊಲಿಗೆಯ ಕೆಲಸ ಯಾವಾಗ ಮುಗಿಸುವುದು, ಮಗಳಿಗೆ ಅಂದು ಊಟ ಏನು ಮಾಡಿಡುವುದು ಎಂದು ಮನಸ್ಸು ಆಗಲೇ ಓಡತೊಡಗಿತ್ತು. ಅದರ ಅಡಿಯಲ್ಲಿ, ಬುಧವಾರದ ಆಚೆ ಏನಿದೆಯೋ ಎಂಬ ಹೆದರಿಕೆ ಇದ್ದಲ್ಲೇ ಇತ್ತು.