ಶಾಲ್ಮಲಿಗೆ ಹೊಟ್ಟೆಕಿಚ್ಚು ಬಂದ ಎಪಿಸೋಡು

1
ಎಲ್ಲಿಂದ ಶುರು ಮಾಡಲಿ? ಬಸ್ಸಿನಿಂದಲೋ, ಉಪ್ಪಿನಕಾಯಿಯಿಂದಲೋ? (ಮೊದಲ ಡ್ರಾಫ್ಟು ಮಂಜಿನಿಂದ ಶುರುವಾಗಿತ್ತು. ಹರಿದು ಹಾಕಿದೆ. ಮೂಡಿಗೆರೆಯ ಕಥೆಗೆ ಮಂಜು ತಾನಾಗೇ ಬರುತ್ತದೆ, ನಾನು ಕರೆಯಬೇಕಾಗಿಲ್ಲ.)

ಬಸ್ಸೇ ಇರಲಿ. ಬಣಕಲ್‌ನಿಂದ ಮೂಡಿಗೆರೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಅರ್ಚನಾ ಮತ್ತು ಕೃತಿಕಾ ಒಂದೇ ಸೀಟಿನಲ್ಲಿ ಕೂರುತ್ತಾರೆ. ಇಬ್ಬರಿಗೂ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕೆಲಸ. ಮೇಜಿನ ಮೇಲೆ ಹರಡಿದ ಕಾಫಿಬೀಜದಿಂದ ಕೆಟ್ಟ ಕಾಳು ಆರಿಸುವುದು. ಒಂದು ಫೋನು, ಒಂದು ಇಯರ್‌ಫೋನು, ಆಳಿಗೊಂದು ಕಿವಿ. ನೋಡುವುದು ‘ವಜ್ರರೇಖಾ’ ಎಂಬ ಸೂಪರ್‌ಹೀರೋ ಸೀರಿಯಲ್. ಹೋಗುವಾಗ ಅರ್ಧ ಎಪಿಸೋಡು, ಬರುವಾಗ ಇನ್ನರ್ಧ. ನಡುವೆ ದಿನವಿಡೀ ಕಾಳು ಆರಿಸುತ್ತ, ಮುಂದೇನಾಗುತ್ತದೆ ಎಂಬ ಜಗಳ. ಒಬ್ಬಳೇ ನೋಡುವಂತಿಲ್ಲ ಎಂಬುದು ಕಾನೂನು.

2
ವಜ್ರರೇಖಾ ಹಾರುತ್ತಾಳೆ. ಅವಳ ಗೆಳತಿ ಶಾಲ್ಮಲಿ ಹಾರುವುದಿಲ್ಲ; ವಜ್ರರೇಖಾ ಬಿಚ್ಚಿಟ್ಟ ಮಾಮೂಲಿ ಬಟ್ಟೆಯ ಬ್ಯಾಗು ಹಿಡಿದು ಕೆಳಗೆ ನಿಲ್ಲುತ್ತಾಳೆ. ಎರಡು ಸೀಸನ್ ಪೂರ್ತಿ ಅಷ್ಟೇ ಕೆಲಸ. ಕೃತಿಕಾಗೆ ವಜ್ರರೇಖಾ ಇಷ್ಟ. ಅರ್ಚನಾಗೆ ಶಾಲ್ಮಲಿ.

(ನನಗೆ ಇಬ್ಬರೂ ಇಷ್ಟವಿಲ್ಲ. ನನ್ನ ಪಾತ್ರ ನನ್ನದೇ ಕಥೆಯೊಳಗೆ ಕೂತು ಬೇರೆಯವರು ಬರೆದ ಪಾತ್ರವನ್ನು ಹೊಗಳಿದರೆ ನನಗೆ ಹೇಗಾಗಬೇಡ?)

2, ಮತ್ತೊಮ್ಮೆ
ಉಪ್ಪಿನಕಾಯಿ. ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿಯ ರುಚಿ ನೋಡಿ ದರ್ಜೆ ಹೇಳುವವರು ಪ್ರಸನ್ನಕುಮಾರ್. ಕೆಲವು ತಿಂಗಳಿಂದ ಅವರ ಮೂಗು ಕಟ್ಟಿ, ಹುಳಿಗೂ ಸಿಹಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಇನ್ನೊಬ್ಬ ಟೇಸ್ಟರ್ ಬೇಕಾಯಿತು. ಒಂದು ಮಧ್ಯಾಹ್ನ ಊಟವಾದ ಮೇಲೆ ಇದ್ದಕ್ಕಿದ್ದಂತೆ ಬಂದು, ಆರಿಸುವ ಹೆಂಗಸರಿಗೆಲ್ಲ ಮೂರು ಮೂರು ಲೋಟ ಕಾಫಿ ಕೊಟ್ಟು, ಯಾವುದು ಕೆಟ್ಟದ್ದು ಎಂದು ಕೇಳಿದರು.

ಕೆಟ್ಟ ಕಾಳನ್ನು ದೂರದಿಂದಲೇ ಗುರುತು ಹಿಡಿಯುವ ಅರ್ಚನಾಗೆ ಅಂದು ಏನೂ ತಿಳಿಯಲಿಲ್ಲ. ಬಾಯಿ ತುಂಬ ಮಾವಿನ ಮಿಡಿಯ ಖಾರ. ಕೃತಿಕಾ ಸರಿಯಾಗಿ ಹೇಳಿದಳು. ಅಂದು ಸಂಕಷ್ಟಿ, ಅವಳು ಬೆಳಗಿಂದ ಉಪವಾಸ. ತಾನು ತಿನ್ನುವುದಿಲ್ಲವೆಂದು, ಅಭ್ಯಾಸದಂತೆ ತಂದಿದ್ದ ತನ್ನ ಡಬ್ಬಿಯ ಮಿಡಿಯನ್ನೆಲ್ಲ ಅರ್ಚನಾಳ ತಟ್ಟೆಗೆ ಹಾಕಿದವಳೂ ಅವಳೇ.

ಬೇಕೆಂದು ಮಾಡಿದ್ದಲ್ಲ. ಅರ್ಚನಾಗೆ ಅದು ಚೆನ್ನಾಗಿ ಗೊತ್ತು. ಬೇಕೆಂದೇ ಮಾಡಿದ್ದರೆ ಒಂದಷ್ಟು ಬೈದಾದರೂ ಹಗುರಾಗಬಹುದಿತ್ತು.

4
(ಮೂರು ಬರೆದಿದ್ದೆ. ಅದರಲ್ಲಿ ಅರ್ಚನಾ ಕಿಟಕಿಯ ಬಳಿ ಅಳುತ್ತಾಳೆ. ತಾನು ಅಳಲೇ ಇಲ್ಲ ಎಂದು ಅವಳೇ ಹೊಡೆದು ಹಾಕಿಸಿದಳು.)

ಕೃತಿಕಾ ಟೇಸ್ಟರ್ ಟ್ರೈನಿಂಗಿಗೆಂದು ಒಂದು ವಾರ ಚಿಕ್ಕಮಗಳೂರಿಗೆ ಹೋದಳು. ಅಲ್ಲಿ ಕಾನೂನು ಮುರಿದು ಮೂರನೇ ಸೀಸನ್ನನ್ನು ಒಬ್ಬಳೇ ನೋಡಿದಳು. ಬಂದು ತಾನೇ ಒಪ್ಪಿಕೊಂಡಳು. ಈ ಸಲ ಶಾಲ್ಮಲಿ ಎಷ್ಟು ಬೆಳೆದಿದ್ದಾಳೆ ಎಂದು ಕಣ್ಣರಳಿಸಿ ಹೇಳಿದಳು.

ಅರ್ಚನಾ ಮನೆಗೆ ಹೋಗಿ ತಾನೂ ಆರನೇ ಎಪಿಸೋಡಿನವರೆಗೆ ಒಬ್ಬಳೇ ನೋಡಿದಳು. ಆ ಆರನೆಯದರಲ್ಲಿ ಶಾಲ್ಮಲಿಗೆ ಹೊಟ್ಟೆಕಿಚ್ಚು ಬರುತ್ತದೆ. ಬ್ಯಾಗು ಎಸೆದು, ವಜ್ರರೇಖಾಳ ಶಕ್ತಿ ಕದ್ದು, ಕರಿ ಲಿಪ್‌ಸ್ಟಿಕ್ ಹಚ್ಚಿ ವಿಲನ್ ಆಗುತ್ತಾಳೆ. ಅರ್ಚನಾಗೆ ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೆ ಶಾಲ್ಮಲಿ ಮೊದಲ ಬಾರಿ ನೆಲ ಬಿಟ್ಟು ಮೇಲೇಳುವ ದೃಶ್ಯವನ್ನು ಹನ್ನೊಂದು ಸಲ ನೋಡಿದಳು. ಹಾರುವಾಗ ಅವಳು ಅಷ್ಟು ಚಂದ ಕಾಣುತ್ತಿದ್ದಳು. ಅದನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಿರಲಿಲ್ಲ. ಫೋನಿನ ಹಿಸ್ಟರಿ ನೋಡಿ ತಿಳಿದುಕೊಂಡೆ.

5
ಈಗ ವಿಷಯಕ್ಕೆ ಬರುತ್ತೇನೆ. ಇಂದು ಕೃತಿಕಾಳ ಕೊನೆಯ ಪರೀಕ್ಷೆ. ಪಾಸಾದರೆ ನಾಳೆಯಿಂದ ಟೇಸ್ಟರ್. ಫೇಲಾದರೆ ಮತ್ತೆ ಮೇಜಿಗೆ, ಅರ್ಚನಾಳ ಪಕ್ಕಕ್ಕೆ. ಆರು ತಟ್ಟೆಗಳಲ್ಲಿ ಒಳ್ಳೆಯ ಬೀಜ ಇದೆ. ಒಂದಕ್ಕೆ ಮಾತ್ರ ನಾತದ ಕಾಳು ಬೀಳಬೇಕು. ಮೇಲುನೋಟಕ್ಕೆ ಚೆನ್ನಾಗಿದ್ದು ಹುರಿದು ಪುಡಿ ಮಾಡಿದಾಗ ಇಡೀ ಲೋಟ ಕೆಡಿಸುವ ಕಾಳು. ಕೆಟ್ಟ ಲೋಟ ಯಾವುದೆಂದು ಕೃತಿಕಾ ರುಚಿ ನೋಡಿ ಹೇಳಬೇಕು. ಅಂಥದ್ದನ್ನು ಹುಡುಕಿ ಹಾಕಲು ಅರ್ಚನಾಗಿಂತ ಒಳ್ಳೆಯ ಕಣ್ಣು ಇಲ್ಲ ಎಂದು ಪ್ರಸನ್ನಕುಮಾರ್ ಅವಳಿಗೇ ಆ ಕೆಲಸ ಕೊಟ್ಟಿದ್ದಾರೆ, ನಾಲ್ಕನೇ ತಟ್ಟೆಗೆ ಹಾಕು ಎಂದಿದ್ದಾರೆ. ‘ನಾಲ್ಕು’ ಎಂದು ಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದಾರೆ. ಮೂಗು ಕಟ್ಟಿದವರು ತಾವೇ ರುಚಿ ನೋಡಿ ತಿಳಿಯುವಂತಿಲ್ಲ, ಚೀಟಿಯೇ ಪ್ರಮಾಣ.

ಲ್ಯಾಬಿನಲ್ಲಿ ಅರ್ಚನಾ ಒಬ್ಬಳೇ. ಮುಷ್ಟಿಯಲ್ಲಿ ಕಾಳು.

ಮುಕ್ತಾಯ ಒಂದು: ಅವಳು ಅದನ್ನು ಎರಡನೇ ತಟ್ಟೆಗೆ ಹಾಕುತ್ತಾಳೆ. ಕೃತಿಕಾ ಸರಿಯಾಗಿ ‘ಎರಡು’ ಎನ್ನುತ್ತಾಳೆ. ಚೀಟಿಯಲ್ಲಿ ನಾಲ್ಕು. ಫೇಲ್. (ಬರೆದು ಮುಗಿಸಿ ಎದ್ದು ಕಾಫಿ ಕುಡಿದೆ, ಅಷ್ಟು ಖುಷಿಯಾಗಿತ್ತು.)

ಮುಕ್ತಾಯ ಎರಡು: ನಾಲ್ಕಕ್ಕೇ ಹಾಕುತ್ತಾಳೆ. ಕೃತಿಕಾ ಪಾಸು, ಅಪ್ಪುಗೆ, ಕಣ್ಣೀರು, ಹೊಟ್ಟೆಕಿಚ್ಚು ಮಾಯ.

ಎರಡನ್ನೂ ಅರ್ಚನಾಗೆ ಓದಿ ಹೇಳಿದೆ. ಅವಳು ಮುಷ್ಟಿ ಬಿಡಿಸದೆ ನನ್ನನ್ನೇ ನೋಡಿದಳು.

“ನಿಮ್ಗೂ ಆ ಸೀರಿಯಲ್‌ನವ್ರಿಗೂ ಏನು ವ್ಯತ್ಯಾಸ ಮಾರಾಯ್ರೇ? ಶಾಲ್ಮಲಿಗೆ ಹೊಟ್ಟೆಕಿಚ್ಚು ಮೂರ್ನೇ ಸೀಸನ್ನಲ್ಲಿ ಬಂದದ್ದಲ್ಲ. ಮೊದ್ಲಿಂದ ಇತ್ತು. ಇಟ್ಕೊಂಡೇ ಬ್ಯಾಗ್ ಹಿಡ್ದಿದ್ಲು.”

ಹಾಗಾದರೆ ಏನು ಬರೆಯಲಿ ಎಂದೆ.

“ಇವತ್ತು ಬೆಳಿಗ್ಗೆ ಬಸ್ಸಲ್ಲಿ ನನ್ ಕಿವಿಗೆ ಅವ್ಳೇ ಇಯರ್‌ಫೋನ್ ಇಟ್ಲು. ‘ಕೊನೇ ಎಪಿಸೋಡ್ ಒಂದು ನಿಂಗೇಂತ ನೋಡ್ದೇನೇ ಇಟ್ಟಿದ್ದೆ ಮಾರಾಯ್ತಿ’ ಅಂದ್ಲು. ಆಗ್ಲೂ ನಂಗೆ ಉರೀತಿತ್ತು. ಅದನ್ನ ಬರೀರಿ ನೋಡ್ವ.”

ಆಮೇಲೆ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಬರೆದವನಿಗೇ ಬಾಗಿಲು ಹಾಕುವ ಪಾತ್ರವನ್ನು ನಾನು ಇದುವರೆಗೆ ಕಂಡಿಲ್ಲ. ಆ ಸೀರಿಯಲ್‌ನವರಿಗೆ ಇಂಥ ಪಾತ್ರ ಸಿಕ್ಕಿಲ್ಲ ಎಂದು ಸ್ವಲ್ಪ ಸಮಾಧಾನವೂ ಆಯಿತು.

5, ಬಾಗಿಲಿನಾಚೆ
ಬಾಗಿಲು ತೆರೆದ ಮೇಲೆ ಹುರಿದರು, ಪುಡಿ ಮಾಡಿದರು, ಆರು ಲೋಟಕ್ಕೆ ಬಿಸಿನೀರು ಹಾಕಿದರು. ಕೃತಿಕಾ ಚಮಚದಿಂದ ಸೊರ್ರನೆ ಎಳೆದು ಬಾಯಲ್ಲಿ ಆಡಿಸಿ ಉಗಿಯುತ್ತ ಹೋದಳು. ಒಂದು. ಎರಡು, ಅಲ್ಲಿ ಸ್ವಲ್ಪ ಹೊತ್ತು ನಿಂತಳೇ? ನನ್ನ ಜಾಗದಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಮೂರು. ಚಮಚ ತೊಳೆದಳು. ನಾಲ್ಕನೇ ಲೋಟಕ್ಕೆ ಬಗ್ಗಿದಳು.

ಅರ್ಚನಾ ಅದನ್ನು ನೋಡಲು ನಿಲ್ಲಲಿಲ್ಲ. ಡಬ್ಬಿ ಎತ್ತಿಕೊಂಡು ಹೊರಟಳು. ‘ಅವಳು, ಅವಳು’ ಎನ್ನುತ್ತ ಅರ್ಚನಾಳ ಬೆನ್ನಿಗೇ ಅಂಟಿಕೊಂಡು ಕಥೆ ಹೇಳುವುದಾಗಿ ಒಪ್ಪಿಕೊಂಡಿದ್ದೇನೆ, ಹಾಗಾಗಿ ನಾನೂ ಹೊರಡಬೇಕಾಯಿತು.

ಕೊನೆಯದಲ್ಲ
ಬಣಕಲ್ ಬಸ್ಸು. ಅರ್ಚನಾ ಕಿಟಕಿಯ ಪಕ್ಕ ಕೂತಿದ್ದಾಳೆ, ಪಕ್ಕದ ಜಾಗದಲ್ಲಿ ಬ್ಯಾಗು ಇಟ್ಟಿದ್ದಾಳೆ. ಕೊನೆಯ ಎಪಿಸೋಡಿನ ಉಳಿದರ್ಧ ಫೋನಿನಲ್ಲಿ ನಿಂತಿದೆ. ಪರದೆಯ ಮೇಲೆ ಶಾಲ್ಮಲಿ ಗಾಳಿಯಲ್ಲಿ ಅರ್ಧಕ್ಕೆ ತೂಗುತ್ತಿದ್ದಾಳೆ. ಯಾವ ತಟ್ಟೆಗೆ ಹಾಕಿದೆ ಎಂದು ಮೆಲ್ಲಗೆ ಕೇಳಿದೆ. ಅವಳು ಬ್ಯಾಗಿನ ಮೇಲೆ ಕೈ ಇಟ್ಟಳು. ಉರಿ ಇನ್ನೂ ಇದೆಯಾ ಎಂದೆ. ಇದೆ ಎಂದು ತಲೆಯಾಡಿಸಿದಳು.

ಡ್ರೈವರು ಬಸ್ಸು ಸ್ಟಾರ್ಟ್ ಮಾಡಿದ. ಅರ್ಚನಾ ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆ ನೋಡಿದಳು. ಮತ್ತೆ ಒಳಗೆ ತಿರುಗಿ, ಬ್ಯಾಗಿನ ಮೇಲಿಂದ ಕೈ ತೆಗೆಯದೆ, ಮುಂದಕ್ಕೆ ಕೇಳುವಂತೆ ಹೇಳಿದಳು:

“ಒಂದ್ನಿಮ್ಷ ನಿಲ್ಸಿ. ನನ್ನವ್ಳು ಒಬ್ಳು ಬರ್ಬೇಕು.”